ಹೊಸ ವಿಡಿಯೊ ಕ್ಯಾಮೆರಾದ ಚಿತ್ರ ಹೊಂದಾಣಿಕೆ: ಮುಖ್ಯಾಂಶಗಳು (ಕಾಣಿಯೂರು ಪರಿಸರದ ಅನ್ವಯ ಸಹಿತ)

ಸ್ಥಳ

- ಕಾಣಿಯೂರು: ದಕ್ಷಿಣ ಕನ್ನಡ ಜಿಲ್ಲೆ, ಕಡಬ ತಾಲ್ಲೂಕು, ಹಿಂದೆ ಪುತ್ತೂರು ತಾಲ್ಲೂಕಿನ ಭಾಗ.
- ಪುತ್ತೂರು–ಸುಬ್ರಹ್ಮಣ್ಯ ರಸ್ತೆಯ ಪೇಟೆ. ಮಂಗಳೂರು–ಹಾಸನ ರೈಲುಮಾರ್ಗದ ನಿಲ್ದಾಣ.
- ಉಡುಪಿ ಅಷ್ಟಮಠಗಳಲ್ಲೊಂದಾದ ಕಾಣಿಯೂರು ಮಠದ ಹೆಸರಿನ ಊರು. ಮಠದ ಮೂಲಯತಿ ರಾಮತೀರ್ಥರು. ಪರ್ಯಾಯ ಅವಧಿ 2014–16.
- ಅಕ್ಷಾಂಶ ಸುಮಾರು 12.7° ಉತ್ತರ. ಶೂನ್ಯ ನೆರಳಿನ ದಿನ ವರ್ಷಕ್ಕೆ 2: ಏಪ್ರಿಲ್ ಕೊನೆಯ ವಾರ, ಆಗಸ್ಟ್ ಮೂರನೇ ವಾರ. ಏಪ್ರಿಲ್ ದಿನ ಜಾತ್ರೆ–ನೇಮಗಳ (ದೈವದ ಕೋಲಗಳ) ನಡುವೆಯೇ. ನಡುಹಗಲಲ್ಲಿ ನೆತ್ತಿಯ ಬಿಸಿಲು, ಕಣ್ಣುಗುಳಿಯಲ್ಲಿ ಕಪ್ಪು.
- ಚಿತ್ರೀಕರಣ ಋತು: ದೀಪಾವಳಿ ಆಸುಪಾಸಿನಿಂದ ಪತ್ತನಾಜೆವರೆಗೆ. ಪತ್ತನಾಜೆ: ತುಳು ಪಂಚಾಂಗದ ಬೇಶ ತಿಂಗಳ 10ನೇ ದಿನ, ಮೇ ಕೊನೆಯ ವಾರ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕ್ಯಾಮೆರಾಕ್ಕೂ ಬಿಡುವು. ಹೊಸ ಕ್ಯಾಮೆರಾ ಕಲಿಯಲು ಆಟಿ ತಿಂಗಳೇ ಸರಿ.

ಹೊಂದಾಣಿಕೆಯ ಕ್ರಮ (ಅನುಕ್ರಮ ಪ್ರಶ್ನೆಗೆ)

- 1: ವ್ಯವಸ್ಥೆಯ ಆವರ್ತನ 50 ಹರ್ಟ್ಸ್.
- 2: ಮೂಲ ಸೆಟ್ಟಿಂಗ್‌ಗೆ ಮರಳಿಕೆ, 10–15 ನಿಮಿಷ ಬೆಚ್ಚಗಾಗಲು ಬಿಡುವು.
- 3: ಬ್ಲ್ಯಾಕ್ ಬ್ಯಾಲೆನ್ಸ್, ಲೆನ್ಸ್ ಮುಚ್ಚಿ.
- 4: ಬ್ಯಾಕ್ ಫೋಕಸ್ (ಲೆನ್ಸ್ ಬದಲಿಸುವ ಭುಜದ ಕ್ಯಾಮೆರಾಗಳಲ್ಲಿ).
- 5: ಕಲರ್ ಬಾರ್‌ನಿಂದ ಮಾನಿಟರ್ ಹೊಂದಾಣಿಕೆ.
- 6: ವೈಟ್ ಬ್ಯಾಲೆನ್ಸ್.
- 7: ಎಕ್ಸ್‌ಪೋಶರ್ – ಎನ್‌ಡಿ, ಐರಿಸ್, ಶಟರ್, ಗೇನ್.
- 8: ಗಾಮಾ, ನೀ, ಬ್ಲ್ಯಾಕ್.
- 9: ಮ್ಯಾಟ್ರಿಕ್ಸ್.
- 10: ಡಿಟೇಲ್.
- 11: ಪ್ರೊಫೈಲ್‌ಗೆ ಹೆಸರು, ಮೆಮೊರಿ ಕಾರ್ಡ್‌ಗೆ ನಕಲು.
- ತಲೆಕೆಳಗಾದ ಕ್ರಮವೇ ಪೇಟೆಯ ರೂಢಿ: ಮೊದಲು ಸ್ಯಾಚುರೇಶನ್, ಕೊನೆಗೆ ವೈಟ್. ಬಿಳಿ ತಪ್ಪಿದ ಮೇಲೆ ಮ್ಯಾಟ್ರಿಕ್ಸ್ ತಿದ್ದಿದರೆ ಎರಡು ತಪ್ಪು. ಮುಂದಿನ ಅಂಗಳದಲ್ಲಿ ಬೆಳಕು ಬದಲಾದಾಗ ಎರಡೂ ಹೊರಗೆ.
- 5ನೇ ಹಂತ ತಪ್ಪಿಸಿದರೆ ಮುಂದಿನ ಹೊಂದಾಣಿಕೆಗಳೆಲ್ಲ ಕಣ್ಣಂದಾಜು. ವ್ಯೂಫೈಂಡರ್‌ನ ಬ್ರೈಟ್‌ನೆಸ್ ಏರಿಸಿಕೊಂಡು ಐರಿಸ್ ಇಳಿಸುವುದು ಸಾಮಾನ್ಯ ದೋಷ.

50 ಹರ್ಟ್ಸ್

- ಭಾರತದ ವಿದ್ಯುತ್ ಆವರ್ತನ: 50 ಹರ್ಟ್ಸ್. ದೀಪದ ಮಿಣುಕು: ಸೆಕೆಂಡಿಗೆ 100 ಬಾರಿ.
- ಭಾರತದ ಅನಲಾಗ್ ಬಣ್ಣದ ಪದ್ಧತಿ: ಪಾಲ್; 625 ಗೆರೆ, ಸೆಕೆಂಡಿಗೆ 25 ಫ್ರೇಮ್. ರೂಪಿಸಿದವರು ವಾಲ್ಟರ್ ಬ್ರುಖ್, ಟೆಲಿಫುಂಕನ್ ಸಂಸ್ಥೆ, ಜರ್ಮನಿ. ಮೊದಲ ನಿಯತ ಪ್ರಸಾರ 1967.
- ಅಮೆರಿಕ, ಜಪಾನ್: 59.94 ಹರ್ಟ್ಸ್ ಪದ್ಧತಿ. ಹೊರದೇಶದಿಂದ ತಂದ ಹೊಸ ಕ್ಯಾಮೆರಾ 59.94ರಲ್ಲೇ ತೆರೆಯುವ ಸಂಭವ.
- ಸುರಕ್ಷಿತ ಶಟರ್: 25 ಫ್ರೇಮ್‌ಗೆ 1/50, 50 ಫ್ರೇಮ್‌ಗೆ 1/100. ಎರಡೂ 180° ನಿಯಮಕ್ಕೆ ಸರಿ.
- 29.97 ಫ್ರೇಮ್ ಅನಿವಾರ್ಯವಾದರೆ ಶಟರ್ 1/50 ಅಥವಾ 1/100, 1/60 ನಿಷಿದ್ಧ.
- ಜನರೇಟರ್ ಬೆಳಕು: ಆವರ್ತನ ಸ್ಥಿರವಲ್ಲ. ಯಂತ್ರ 49 ಹರ್ಟ್ಸ್‌ನಲ್ಲಿ ಓಡಿದರೆ ಮಿಣುಕು 98, ಶಟರ್ 1/98. ಇದಕ್ಕೆಂದೇ ಕ್ಲಿಯರ್ ಸ್ಕ್ಯಾನ್, ಸಿಂಕ್ರೊ ಸ್ಕ್ಯಾನ್ ಹೆಸರಿನ ಸೂಕ್ಷ್ಮ ಶಟರ್. ಎಲ್‌ಇಡಿ ಪರದೆಗೂ ಇದೇ ಉಪಾಯ.
- ಸೀಮಾಸ್ ಸೆನ್ಸರ್ ಮೇಲೆ ಸ್ಟಿಲ್ ಕ್ಯಾಮೆರಾದ ಫ್ಲ್ಯಾಶ್: ಅರ್ಧ ಫ್ರೇಮ್ ಬಿಳಿ ಪಟ್ಟಿ. ಕಾರಣ ರೋಲಿಂಗ್ ಶಟರ್. ಪರಿಹಾರ ಗ್ಲೋಬಲ್ ಶಟರ್, ಸಾಮಾನ್ಯ ಸೆಟ್ಟಿಂಗ್‌ನಿಂದ ಪರಿಹಾರವಿಲ್ಲ.

ವೈಟ್ ಬ್ಯಾಲೆನ್ಸ್

- ಮಾಪನ: ಕೆಲ್ವಿನ್. ಎಸ್‌ಐ ಮೂಲಮಾನಗಳಲ್ಲೊಂದು, ಲಾರ್ಡ್ ಕೆಲ್ವಿನ್ (ವಿಲಿಯಂ ಥಾಮ್ಸನ್) ಹೆಸರು, ನಿರಪೇಕ್ಷ ಮಾನದ ಪ್ರಸ್ತಾವ 1848, ಬೋಲ್ಟ್ಸ್‌ಮನ್ ಸ್ಥಿರಾಂಕದ ಆಧಾರದ ಮೇಲೆ ಮರುವ್ಯಾಖ್ಯಾನ 2019.
- ದೀಪದ ಕುಡಿ, ದೊಂದಿ: ಸುಮಾರು 1900.
- ಮನೆಯ ಹಳೆಯ ತಂತಿಬಲ್ಬ್: 2700–2850.
- ಹ್ಯಾಲೊಜನ್, ಸ್ಟುಡಿಯೊ ಟಂಗ್‌ಸ್ಟನ್: 3200.
- ನಡುಹಗಲ ಬಿಸಿಲು: 5600.
- ‘ಕೂಲ್ ಡೇಲೈಟ್’ ಟ್ಯೂಬ್‌ಲೈಟ್, ಎಲ್‌ಇಡಿ ಫ್ಲಡ್: 6500.
- ಮಳೆಗಾಲದ ಮುಚ್ಚಿದ ಬಾನು: 6500–7500. ತೆರೆದ ನೆರಳು: 7000ಕ್ಕೆ ಮೇಲೆ.
- ಪ್ರಮಾಣ ಬಿಳಿ, ಡಿ65: ಸುಮಾರು 6500. ಬಿಟಿ.709, ಬಿಟಿ.2020 ಎರಡಕ್ಕೂ ಇದೇ.
- ಮೈರೆಡ್ = 10,00,000 ÷ ಕೆಲ್ವಿನ್. 3200 = 312.5; 5600 = 178.6, ವ್ಯತ್ಯಾಸ ಸುಮಾರು 134.
- ಎ ಮತ್ತು ಬಿ ಮೆಮೊರಿ, ಪ್ರಿಸೆಟ್, ಎಟಿಡಬ್ಲ್ಯು: ವೈಟ್‌ನ ನಾಲ್ಕು ಆಯ್ಕೆ. ಎಟಿಡಬ್ಲ್ಯು ಸ್ವಯಂಚಾಲಿತ, ಯಕ್ಷಗಾನ, ನೇಮಗಳಲ್ಲಿ ನಿಷಿದ್ಧ. ಕೆಂಪು ವೇಷ ಚೌಕಟ್ಟು ತುಂಬಿದೊಡನೆ ಹಿನ್ನೆಲೆ ನೀಲಿ–ಹಸಿರಿಗೆ ಸರಿಯುವುದು ಇದರಿಂದಲೇ.
- ಅಡಿಕೆ ತೋಟ: ಸೋಗೆಯಿಂದ ಸೋಸಿ ಬಂದ ಬೆಳಕು, ಕೆಲ್ವಿನ್ ಸರಿಯಿದ್ದರೂ ಮುಖದಲ್ಲಿ ಹಸಿರು. ತಿದ್ದುವುದು ಹಸಿರು–ಮಜೆಂಟಾ ಅಕ್ಷದಲ್ಲಿ, ಅಂದರೆ ಟಿಂಟ್‌ನಲ್ಲಿ. ಬಿಳಿ ಕಾಗದ ತೋಟದೊಳಗೇ ಹಿಡಿಯಬೇಕು, ಅಂಗಳದಲ್ಲಲ್ಲ.
- ಬಿಳಿ ಪಂಚೆಯ ಮೇಲೆ ವೈಟ್ ಹಿಡಿಯುವ ರೂಢಿ: ನೀಲಿ ಹಾಕಿ ಒಗೆದ ಪಂಚೆ ಬಿಳಿಯಲ್ಲ, ನೀಲಿ, ಫಲ ಹಳದಿ ಚಿತ್ರ. ಹೊಳಪಿಲ್ಲದ ಬೂದು ಕಾರ್ಡೇ ಮೇಲು.

ಬೆಳಕಿನ ಗುಣಮಟ್ಟ

- ಸಿಆರ್‌ಐ: 8 ಮಾದರಿ ಬಣ್ಣಗಳ ಸರಾಸರಿ (ಆರ್1–ಆರ್8). ಗಾಢ ಕೆಂಪು ಆರ್9 ಈ ಸರಾಸರಿಯ ಹೊರಗೆ.
- ಟಿಎಲ್‌ಸಿಐ: ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್, 2012. ಕಣ್ಣಿಗಲ್ಲ, ಕ್ಯಾಮೆರಾಕ್ಕೆ. ಪ್ರಮಾಣ 0–100.
- ನೀಲಿ ಎಲ್‌ಇಡಿ: ಅಕಾಸಾಕಿ, ಅಮಾನೊ, ನಕಾಮುರಾ; ಭೌತಶಾಸ್ತ್ರ ನೊಬೆಲ್ 2014.
- ಅಗ್ಗದ ಎಲ್‌ಇಡಿಯಲ್ಲಿ ಆರ್9 ಕಡಿಮೆ. ಕೇಸರಿ, ಕುಂಕುಮ, ಕೆಂಪು ಪಟ್ಟೆ ಕಂದು. ಬೆಳಕಿನಲ್ಲಿ ಇಲ್ಲದ ಕೆಂಪನ್ನು ಯಾವ ಮೆನುವೂ ತರದು.

ಎಕ್ಸ್‌ಪೋಶರ್

- ಐರಿಸ್ ಶ್ರೇಣಿ: 1.4, 2, 2.8, 4, 5.6, 8, 11, 16, 22. ಅನುಪಾತ √2. ಒಂದು ಹೆಜ್ಜೆ = ಬೆಳಕು ಇಮ್ಮಡಿ ಅಥವಾ ಅರ್ಧ.
- ಗೇನ್: 6 ಡೆಸಿಬೆಲ್ = 1 ಸ್ಟಾಪ್. 18 ಡೆಸಿಬೆಲ್ = 3 ಸ್ಟಾಪ್ = 8 ಪಟ್ಟು.
- ಗೇನ್ ಸ್ವಿಚ್ಚಿನ ಸಾಮಾನ್ಯ ಮೂಲಸ್ಥಿತಿ: ಎಲ್ 0, ಎಂ 9, ಎಚ್ 18. ಎಚ್ ಅನ್ನು 12ಕ್ಕೆ ಇಳಿಸಿಡುವುದು ಸಣ್ಣ ಸೆನ್ಸರಿಗೆ ಕ್ಷೇಮ.
- ಎನ್‌ಡಿ: 1/4, 1/16, 1/64 = 2, 4, 6 ಸ್ಟಾಪ್ = ಸಾಂದ್ರತೆ 0.6, 1.2, 1.8.
- ಎನ್‌ಡಿ ಬದಲು ಐರಿಸ್ 16ಕ್ಕೆ ಮುಚ್ಚಿದರೆ: ವಿವರ್ತನೆ, ಮಸುಕು. ಶಟರ್ 1/1000ಕ್ಕೆ ಏರಿಸಿದರೆ: ಯಕ್ಷಗಾನದ ಧೀಂಗಿಣದ ಸುತ್ತು ತುಂಡು ತುಂಡು.
- ಇಮ್ಮಡಿ ಮೂಲ ಐಎಸ್‌ಒ: ಪ್ಯಾನಸೋನಿಕ್ ವ್ಯಾರಿಕ್ಯಾಮ್ 35 (2014) – 800, 5000. ಸೋನಿ ವೆನಿಸ್ – 500, 2500. ಸೋನಿ ಎಫ್‌ಎಕ್ಸ್6 (2020) – 800, 12,800. ಇಂಥ ಕ್ಯಾಮೆರಾದಲ್ಲಿ 800ರಿಂದ 10,000ಕ್ಕೆ ಏರಿಸುವುದಕ್ಕಿಂತ ನೇರ 12,800 ಶುಭ್ರ. ರಾತ್ರಿ ಕಾರ್ಯಕ್ರಮವೇ ಹೆಚ್ಚಿರುವ ಊರಿಗೆ ಇದೊಂದೇ ಅಂಶ ಹೊಸ ಖರೀದಿಗೆ ಸಾಕಾದ ಕಾರಣ.
- ಜೀಬ್ರಾ: ನಿಗದಿತ ಮಟ್ಟ ಮುಟ್ಟಿದ ಭಾಗದ ಮೇಲೆ ಓರೆಗೆರೆ. ರೂಢಿಯ ಎರಡು ಮಟ್ಟ: 70, 100.
- 70ರ ಮೂಲ: ಬಿಳಿ ಚರ್ಮ. ವಿದೇಶಿ ಕೈಪಿಡಿಯ 70 ಇಲ್ಲಿಗೆ ಹೆಚ್ಚು. ಗೋಧಿ ಬಣ್ಣಕ್ಕೆ 55–60, ಕಪ್ಪು ಮೈಬಣ್ಣಕ್ಕೆ 45–50. 70ಕ್ಕೆ ಏರಿಸಿದ ಮದುವೆ ವಿಡಿಯೊಗಳಲ್ಲಿ ಊರಿಗೆ ಊರೇ ಪೌಡರು ಬಳಿದಂತೆ.
- ಇದೇ ಪಕ್ಷಪಾತದ ಚಾರಿತ್ರಿಕ ನಿದರ್ಶನ: ಕೊಡಾಕ್ ಪ್ರಯೋಗಾಲಯಗಳ ‘ಷರ್ಲಿ ಕಾರ್ಡ್’, ಮಾದರಿ ಮುಖ ಬಿಳಿ ಹೆಂಗಸಿನದು.

ಕೆಂಪಿನ ಪ್ರಶ್ನೆ (ಅತಿ ಮುಖ್ಯ)

- ಬಿಟಿ.709 ಲೂಮಾ ಗುಣಾಂಕ: ಕೆಂಪು 0.2126, ಹಸಿರು 0.7152, ನೀಲಿ 0.0722. ಮೊತ್ತ 1.
- ಬಿಟಿ.2020: 0.2627, 0.6780, 0.0593. ಬಿಟಿ.601: 0.299, 0.587, 0.114.
- ಜೀಬ್ರಾ ಸಾಮಾನ್ಯವಾಗಿ ಓದುವುದು ಲೂಮಾ. ಶುದ್ಧ ಕೆಂಪು ಪೂರ್ತಿ ತುಂಬಿದರೂ ಲೂಮಾ ಸುಮಾರು 21. ಜೀಬ್ರಾ ಮೌನ, ಕೆಂಪು ವಾಹಿನಿ ಆಗಲೇ ಚೆಲ್ಲಿದ ಸ್ಥಿತಿ.
- ನಿದರ್ಶನ: ತೆಂಕುತಿಟ್ಟಿನ ಬಣ್ಣದ ವೇಷ. ಕೇಸರಿತಟ್ಟಿ ಕಿರೀಟದ ಕೆಂಪು ಒಂದೇ ಮುದ್ದೆ, ಮಡಿಕೆ–ಅಂಚು ಮಾಯ. ಪಕ್ಕದಲ್ಲೇ ಅಕ್ಕಿಹಿಟ್ಟಿನ ಬಿಳಿ ಚುಟ್ಟಿಯ ಮುಳ್ಳು ಮುಳ್ಳೂ ಸ್ಪಷ್ಟ. ಎಕ್ಸ್‌ಪೋಶರ್ ಸರಿ, ಕೆಂಪು ತಪ್ಪು.
- ಪತ್ತೆ: ಆರ್‌ಜಿಬಿ ಪರೇಡ್. ಮೂರು ಕಂಬಗಳಲ್ಲಿ ಕೆಂಪಿನದ್ದು ಮಾತ್ರ ತುದಿಯಲ್ಲಿ ಚಪ್ಪಟೆ.
- ಪರಿಹಾರದ ಕ್ರಮ: ಐರಿಸ್ ಅರ್ಧ ಸ್ಟಾಪ್ ಇಳಿಕೆ, ಸ್ಯಾಚುರೇಶನ್ ಇಳಿಕೆ, ಬಹು ಅಕ್ಷದ ಮ್ಯಾಟ್ರಿಕ್ಸ್‌ನಲ್ಲಿ ಕೆಂಪು ಅಕ್ಷ ಮಾತ್ರ ಇಳಿಕೆ.
- ನೀಲಿ ಎಲ್‌ಇಡಿ ಪಾರ್‌ಲೈಟ್: ಗುಣಾಂಕ ಇನ್ನೂ ಕಡಿಮೆ, ದೋಷ ಇನ್ನೂ ಮರೆ. ಪರದೆ ಹಿಂದಿನ ನೀಲಿಯಲ್ಲಿ ಮುಖ ಒಂದು ನೀಲಿ ಚುಕ್ಕೆ.

ಗಾಮಾ ಮತ್ತು ಲಾಗ್

- ಬಿಟಿ.709: ಐಟಿಯು ಶಿಫಾರಸು, 1990. ಘಾತ 0.45, 0.018ಕ್ಕಿಂತ ಕೆಳಗೆ ಸರಳರೇಖೆ, ಇಳಿಜಾರು 4.5. (ಐಟಿಯು ಸ್ಥಾಪನೆ 1865, ಕೇಂದ್ರ ಜಿನೀವಾ.)
- ಬಿಟಿ.1886: ಪ್ರದರ್ಶಕ ಗಾಮಾ 2.4, 2011.
- ಬಿಟಿ.2020: 2012. ಬಿಟಿ.2100: 2016, ಎಚ್‌ಡಿಆರ್.
- ಸಿಐಇ 1931 ನಕ್ಷೆಯಲ್ಲಿ ವ್ಯಾಪ್ತಿ: ಬಿಟಿ.709 – 35.9%, ಬಿಟಿ.2020 – 75.8%.
- ಎಚ್‌ಎಲ್‌ಜಿ: ಬಿಬಿಸಿ ಮತ್ತು ಎನ್‌ಎಚ್‌ಕೆ (ಜಪಾನ್). ಪಿಕ್ಯು: ಡಾಲ್ಬಿ, ಎಸ್‌ಎಂಪಿಟಿಇ ಎಸ್‌ಟಿ 2084, 2014, ಗರಿಷ್ಠ 10,000 ನಿಟ್.
- ಲಾಗ್ ಹೆಸರು–ಸಂಸ್ಥೆ: ಲಾಗ್ ಸಿ – ಆರಿ, ಎಸ್‌–ಲಾಗ್ – ಸೋನಿ, ವಿ–ಲಾಗ್ – ಪ್ಯಾನಸೋನಿಕ್, ಸಿ–ಲಾಗ್ – ಕ್ಯಾನನ್, ಎಫ್‌–ಲಾಗ್ – ಫ್ಯೂಜಿಫಿಲ್ಮ್, ಎನ್‌–ಲಾಗ್ – ನಿಕಾನ್.
- 18% ಬೂದು ನಿಲ್ಲುವ ಮಟ್ಟ: ಎಸ್‌–ಲಾಗ್2 – 32, ಎಸ್‌–ಲಾಗ್3 – 41, ವಿ–ಲಾಗ್ – 42, ಎಚ್‌ಎಲ್‌ಜಿ – 38.
- 90% ಬಿಳಿ: ಎಸ್‌–ಲಾಗ್2 – 59, ಎಸ್‌–ಲಾಗ್3 – 61.
- ಬಿಟ್: 8 = ಪ್ರತಿ ವಾಹಿನಿಗೆ 256 ಮಟ್ಟ, ಒಟ್ಟು 1.68 ಕೋಟಿ ಬಣ್ಣ. 10 = 1024 ಮಟ್ಟ, ಒಟ್ಟು 107 ಕೋಟಿ.
- 8 ಬಿಟ್‌ನಲ್ಲಿ ಲಾಗ್: ಸಂಜೆ ಬಾನಿನಲ್ಲಿ ಮೆಟ್ಟಿಲು ಮೆಟ್ಟಿಲು ಪಟ್ಟೆ.
- ಸೋನಿ ಆಲ್ಫಾ ಸರಣಿಯ ಪಿಕ್ಚರ್ ಪ್ರೊಫೈಲ್: ಪಿಪಿ3, ಪಿಪಿ4 – ಐಟಿಯು 709; ಪಿಪಿ5, ಪಿಪಿ6 – ಸಿನೆ 1, ಸಿನೆ 2; ಪಿಪಿ7 – ಎಸ್‌–ಲಾಗ್2; ಪಿಪಿ8, ಪಿಪಿ9 – ಎಸ್‌–ಲಾಗ್3; ಪಿಪಿ10 – ಎಚ್‌ಎಲ್‌ಜಿ2; ಪಿಪಿ11 – ಎಸ್‌–ಸಿನೆಟೋನ್.
- ಅದೇ ವಸ್ತು, ಬೇರೆ ಹೆಸರು: ಕ್ಯಾನನ್ – ಕಸ್ಟಮ್ ಪಿಕ್ಚರ್, ಪ್ಯಾನಸೋನಿಕ್ – ಸೀನ್ ಫೈಲ್.
- ಯೂಟ್ಯೂಬ್ ನೇರಪ್ರಸಾರ: ಬಿಟಿ.709ರಲ್ಲೇ ಕ್ಷೇಮ. ಲಾಗ್‌ನಲ್ಲಿ ನೇರಪ್ರಸಾರವೆಂದರೆ ರಾತ್ರಿಯಿಡೀ ಬೂದಿ ಬಣ್ಣದ ಆಟ, ಕೆಳಗೆ ಪರವೂರ ಬಂಧುಗಳ ದೂರು.

ನೀ

- ಅರ್ಥ: ಹೊಳಪಿನ ತುದಿಯನ್ನು ಬಾಗಿಸಿ ಒಳಗಡಗಿಸುವ ಸೌಲಭ್ಯ. ಅಂಗಗಳು 2: ಪಾಯಿಂಟ್, ಸ್ಲೋಪ್.
- ಪಾಯಿಂಟ್ ಸಾಮಾನ್ಯ: 85–95. ಮುಖದ ಮಟ್ಟ ಪಾಯಿಂಟ್‌ಗೆ ತಾಗಿದರೆ ಮೇಣದ ಮುಖ.
- ಅನ್ವಯ: ಪುತ್ತೂರು ಮಹಾಲಿಂಗೇಶ್ವರ ಜಾತ್ರೆ, ಏಪ್ರಿಲ್ 10ರಿಂದ, ಬ್ರಹ್ಮರಥೋತ್ಸವ ಮತ್ತು ‘ಪುತ್ತೂರು ಬೆಡಿ’ (ಸಿಡಿಮದ್ದು) ಏಪ್ರಿಲ್ 17. ಬೆಡಿಗೆ ಐರಿಸ್ ಮ್ಯಾನ್ಯುಯಲ್, ಗೇನ್ 0, ಫೋಕಸ್ ಅನಂತ, ಪಾಯಿಂಟ್ 80. ಆಟೊ ಐರಿಸ್: ಸಿಡಿದಾಗ ಕಪ್ಪು, ಆರಿದಾಗ ಬಿಳಿ.
- ಯಕ್ಷಗಾನ ಆಭರಣದ ಬೇಗಡೆ: ಕಿಡಿ ಹೊಳಪು ಚೆಲ್ಲಲು ಬಿಡುವುದೇ ಸರಿ, ಅದನ್ನು ಹಿಡಿಯಲು ಹೋಗಿ ಮುಖ ಕಪ್ಪಾಗಿಸುವುದು ಲೆಕ್ಕಕ್ಕೆ ಬಾರದ ಲಾಭ.

ಬ್ಲ್ಯಾಕ್, ಮ್ಯಾಟ್ರಿಕ್ಸ್, ಡಿಟೇಲ್

- ಪೆಡೆಸ್ಟಲ್ (ಮಾಸ್ಟರ್ ಬ್ಲ್ಯಾಕ್): ಕಪ್ಪಿನ ಬುಡ. ಪಾಲ್‌ನಲ್ಲಿ 0, ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 7.5.
- ಬ್ಲ್ಯಾಕ್ ಗಾಮಾ: ಬುಡ ಬಿಟ್ಟು ನೆರಳು ಮಾತ್ರ ಏರಿಕೆ–ಇಳಿಕೆ. ರಾತ್ರಿ ಏರಿಸಿದರೆ ಕಾಳು ಕಾಳು. ಮಳೆಯ ಮಂಜಿನಲ್ಲಿ ಇಳಿಸಿದರೆ ಚಿತ್ರಕ್ಕೆ ಬಿಗಿ.
- ಸರಳರೇಖಾ ಮ್ಯಾಟ್ರಿಕ್ಸ್: 6 ಗುಣಾಂಕ (ಕೆಂಪು–ಹಸಿರು, ಕೆಂಪು–ನೀಲಿ, ಹಸಿರು–ಕೆಂಪು, ಹಸಿರು–ನೀಲಿ, ನೀಲಿ–ಕೆಂಪು, ನೀಲಿ–ಹಸಿರು). ಬಿಳಿ ಬದಲಾಗದು, ಬಣ್ಣ ಮಾತ್ರ ಬದಲು.
- ಕಲರ್‌ಚೆಕರ್ ಪಟ: 24 ಚೌಕ, 1976.
- ಡಿಟೇಲ್: ಅಂಚಿನ ಸುತ್ತ ಕೃತಕ ಗೆರೆ. ಗುರುತು: ಬಾನಿನೆದುರು ಅಡಿಕೆ ಸೋಗೆಗೆ ಬಿಳಿ ಅಂಚು. 4ಕೆಯಲ್ಲಿ ಶೂನ್ಯಕ್ಕೆ ಕೆಳಗೆ ಅಥವಾ ಆಫ್.

ಮಾನಿಟರ್ ಮತ್ತು ಮಾಪಕ

- ಎಸ್‌ಎಂಪಿಟಿಇ: ಸ್ಥಾಪನೆ 1916, ಸ್ಥಾಪಕ ಚಾರ್ಲ್ಸ್ ಫ್ರಾನ್ಸಿಸ್ ಜೆಂಕಿನ್ಸ್; ಹೆಸರಿಗೆ ‘ಟೆಲಿವಿಷನ್’ ಸೇರ್ಪಡೆ 1950.
- ಬಾರ್ ಅನುಕ್ರಮ: ಬೂದು, ಹಳದಿ, ಸಯಾನ್, ಹಸಿರು, ಮಜೆಂಟಾ, ಕೆಂಪು, ನೀಲಿ. ಲೂಮಾ ಇಳಿಕೆಯ ಕ್ರಮ.
- ಪ್ಲೂಜ್: ಬಿಬಿಸಿ ಮೂಲ, ಕಪ್ಪಿನ ಹೊಂದಾಣಿಕೆಗೆ.
- ವೇವ್‌ಫಾರ್ಮ್ – ಹೊಳಪು. ವೆಕ್ಟರ್‌ಸ್ಕೋಪ್ – ವರ್ಣ ಮತ್ತು ಸ್ಯಾಚುರೇಶನ್. ಚರ್ಮರೇಖೆ: ಕೆಂಪು–ಹಳದಿ ನಡುವೆ, ಮೈಬಣ್ಣ ಯಾವುದಾದರೂ ರೇಖೆ ಒಂದೇ, ಬೇರೆಯಾಗುವುದು ಹೊಳಪು.

ಸೆನ್ಸರ್

- ಸಿಸಿಡಿ: 1969, ಬೆಲ್ ಲ್ಯಾಬ್ಸ್, ವಿಲಾರ್ಡ್ ಬಾಯ್ಲ್, ಜಾರ್ಜ್ ಸ್ಮಿತ್, ನೊಬೆಲ್ 2009 (ಚಾರ್ಲ್ಸ್ ಕಾವೊ ಜೊತೆ, ಅವರದು ಬೆಳಕಿನ ನಾರು).
- ಬೇಯರ್ ಜಾಲ: ಬ್ರೈಸ್ ಬೇಯರ್, ಕೊಡಾಕ್, ಪೇಟೆಂಟ್ 1976. ಹಸಿರು 50%, ಕೆಂಪು 25%, ನೀಲಿ 25%.
- 2/3 ಇಂಚು: 9.6 × 5.4 ಮಿ.ಮೀ., ಕರ್ಣ 11. 1 ಇಂಚು: 13.2 × 8.8. ಫುಲ್ ಫ್ರೇಮ್: 36 × 24.
- ಯುಎಚ್‌ಡಿ: 3840 × 2160. ಡಿಸಿಐ 4ಕೆ: 4096 × 2160.

ಕರ್ನಾಟಕ: ಮೊದಲುಗಳು

- ಕನ್ನಡದ ಮೊದಲ ವಾಕ್ಚಿತ್ರ: ಸತಿ ಸುಲೋಚನ, 3 ಮಾರ್ಚ್ 1934. ಮೊದಲ ಪೂರ್ಣ ವರ್ಣಚಿತ್ರ: ಅಮರಶಿಲ್ಪಿ ಜಕಣಾಚಾರಿ, 1964.
- ತುಳುವಿನ ಮೊದಲ ಚಿತ್ರ: ಎನ್ನ ತಂಗಡಿ, 1971. ಮೊದಲ ವರ್ಣಚಿತ್ರ: ಕರಿಯಣಿ ಕಟ್ಟಂದಿ ಕಂಡನಿ, 1978, ಆರೂರು ಭೀಮರಾವ್.
- ಛಾಯಾಗ್ರಹಣ ಶಿಕ್ಷಣ: ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, 1943. ಈಗಿನ ರೂಪ: ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ, ಹೆಸರಘಟ್ಟ. ಹಳೆಯ ವಿದ್ಯಾರ್ಥಿಗಳು: ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ.
- ವಿ.ಕೆ. ಮೂರ್ತಿ: ಜನನ ಮೈಸೂರು, 1923, ನಿಧನ ಬೆಂಗಳೂರು, 2014. ಕಾಗಜ್ ಕೆ ಫೂಲ್ (1959), ಭಾರತದ ಮೊದಲ ಸಿನಿಮಾಸ್ಕೋಪ್. ದಾದಾಸಾಹೇಬ್ ಫಾಲ್ಕೆ 2008, ಛಾಯಾಗ್ರಾಹಕರಲ್ಲಿ ಮೊದಲಿಗರು. ಸ್ಟುಡಿಯೊದೊಳಗಿನ ಪ್ರಸಿದ್ಧ ಬೆಳಕಿನ ಕೋಲು: ಕನ್ನಡಿಗಳಿಂದ ಒಳಗೆ ಹಾಯಿಸಿದ ಬಿಸಿಲು. ಮೆನು ಇಲ್ಲದ ಕಾಲದ ಹೊಂದಾಣಿಕೆ.
- ಭಾರತದಲ್ಲಿ ದೂರದರ್ಶನ: 15 ಸೆಪ್ಟೆಂಬರ್ 1959, ದೆಹಲಿ. ಬಣ್ಣ: 1982, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ. ಬೆಂಗಳೂರು ಕೇಂದ್ರ: 1 ನವೆಂಬರ್ 1981.

ಅನ್ವಯ: ನೇಮದ ಅಂಗಳ, ರಾತ್ರಿ

- ಬೆಳಕು 3 ಬಗೆ, ಒಂದೇ ಚೌಕಟ್ಟು: ದೊಂದಿ 1900, ಹ್ಯಾಲೊಜನ್ 3200, ಎಲ್‌ಇಡಿ 6500.
- ವೈಟ್: ಕೈಯಿಂದ 4300, ಬೆಳಗಿನವರೆಗೆ ಅದೇ. ದೊಂದಿ ಕೆಂಪಾಗಿಯೇ ಉಳಿಕೆ, ಎಲ್‌ಇಡಿ ತುಸು ನೀಲಿ. ದೊಂದಿಯನ್ನು ಬಿಳಿಯಾಗಿಸುವ ವೈಟ್, ಲೆಕ್ಕದಲ್ಲಿ ಸರಿ, ನೋಟದಲ್ಲಿ ತಪ್ಪು.
- ಮುಖದ ಅರ್ದಾಳ: ಹಳದಿ, ಮೈಬಣ್ಣಕ್ಕಿಂತ ಹೊಳಪು ಹೆಚ್ಚು. ಜೀಬ್ರಾ 65–70 ಇಲ್ಲಿ ಮಾತ್ರ ಒಪ್ಪಿತ. ಐರಿಸ್ ಅರ್ದಾಳಕ್ಕೆ; ಸುತ್ತಲಿನ ಜನ ಅರೆಗತ್ತಲಲ್ಲಿ.
- ಸೊಂಟದ ತಿರಿ (ಎಳೆ ತೆಂಗಿನ ಗರಿ): ಎಳೆ ಎಳೆಯ ಅಲುಗಾಟ. ಡಿಟೇಲ್ ಹೆಚ್ಚಿದ್ದರೆ ಮಿಣುಮಿಣುಕು. ಬಿಟ್‌ರೇಟ್ ಕಡಿಮೆಯಿದ್ದರೆ ಚೌಕ ಚೌಕ.
- ಅಣಿ (ದೈವದ ಬೆನ್ನಿಗೆ ಕಟ್ಟುವ ಎತ್ತರದ ಪ್ರಭಾವಳಿ) ಏರಿದ ಮೇಲೆ ಚೌಕಟ್ಟಿನ ಎತ್ತರ ದುಪ್ಪಟ್ಟು. ಹಿಂದಿನ ಎಲ್‌ಇಡಿ ಫ್ಲಡ್ ಚೌಕಟ್ಟಿನೊಳಕ್ಕೆ. ಕ್ಯಾಮೆರಾ ನಿಲ್ಲಿಸುವ ಜಾಗ ಇದನ್ನು ನೋಡಿಯೇ.
- ಶಟರ್ 1/50. ಜನರೇಟರ್ ಆದರೆ ಕ್ಲಿಯರ್ ಸ್ಕ್ಯಾನ್. ಗೇನ್ 9ರೊಳಗೆ, ಅಥವಾ ಮೇಲಿನ ಮೂಲ ಐಎಸ್‌ಒ.
- ಕ್ಯಾಮೆರಾ 3 ಇದ್ದಲ್ಲಿ: ಮೂರಕ್ಕೂ ಒಂದೇ ಕೆಲ್ವಿನ್ ಸಂಖ್ಯೆ ಸಾಲದು. ಸಂಸ್ಥೆ ಬದಲಾದರೆ 4300ರ ಬಣ್ಣವೂ ಬದಲು. ಒಂದೇ ಬೂದು ಕಾರ್ಡ್, ಒಂದೇ ದೀಪದಡಿ, ಒಂದೇ ಮಾನಿಟರ್.
- ಕೆಲವು ದೈವಸ್ಥಾನಗಳಲ್ಲಿ ಚಿತ್ರೀಕರಣ ಪೂರ್ಣ ನಿಷಿದ್ಧ, ಕೆಲವೆಡೆ ನಿರ್ದಿಷ್ಟ ಕ್ರಮಗಳಿಗೆ ಮಾತ್ರ. ಅಪ್ಪಣೆ ಮೊದಲು, ಟ್ರೈಪಾಡ್ ಆಮೇಲೆ. ಕೆಂಪು ಟ್ಯಾಲಿ ದೀಪ ಆಫ್.
- ಬೆಳಗಿನ ಜಾವ ಸುಮಾರು 6: ಬಾನು ನೀಲಿಗೆ ತಿರುಗುವ ಹೊತ್ತು. ಎ ಮೆಮೊರಿಯಲ್ಲಿ 4300, ಬಿ ಮೆಮೊರಿಯಲ್ಲಿ 5600 ಮೊದಲೇ ಸಿದ್ಧ. ಬದಲಾವಣೆ ಶಾಟ್ ನಡುವೆ ಅಲ್ಲ, ದೈವ ಬೆನ್ನು ತಿರುಗಿಸಿದ ಕಟ್‌ನಲ್ಲಿ.